ಎರಡು ಮನೆಯ ನಿಷ್ಠೆ: ಕಾರ್ಖಾನೆಯಲ್ಲಿ ಸಹಭಾಗಿತ್ವ ಮತ್ತು ಕಾರ್ಮಿಕ ಸಂಘಟನೆ

ಅಧ್ಯಕ್ಷರೇ, ಸಂಘದ ಹಿರಿಯರೇ, ಮೊದಲ ಪಾಳಿ ಮುಗಿಸಿಕೊಂಡು ನೇರವಾಗಿ ಇಲ್ಲಿಗೆ ಬಂದಿರುವ ಗೆಳೆಯರೇ,

ಪುಣೆ ಪಕ್ಕದ ಚಿಂಚವಾಡದ ಈ ಸಭಾಗೃಹದಲ್ಲಿ ರಾಜ್ಯೋತ್ಸವದ ಭಾಷಣಗಳನ್ನು ಕೇಳಿದ್ದೇನೆ, ಒಂದೆರಡು ತಾಳಮದ್ದಳೆಗಳನ್ನೂ ಕೇಳಿದ್ದೇನೆ. ಕಾರ್ಖಾನೆಯ ವಿಷಯವನ್ನು ಕನ್ನಡದಲ್ಲಿ ಮಾತನಾಡಿ ಎಂದು ನನ್ನನ್ನು ಕರೆದದ್ದು ಇದೇ ಮೊದಲು. ಇಲ್ಲಿ ಕೂತವರಲ್ಲಿ ಬಹಳಷ್ಟು ಜನ ಭೋಸರಿಯಲ್ಲೋ ಆಕುರ್ಡಿಯಲ್ಲೋ ಚಾಕಣದಲ್ಲೋ ಮಶೀನಿನ ಮುಂದೆ ನಿಂತವರು, ಇಲ್ಲವೇ ಹಾಗೆ ನಿಂತವರ ಮಕ್ಕಳು. ನಾನು ಇದೇ ಪಟ್ಟಿಯ ಒಂದು ಇಂಜಿನಿಯರಿಂಗ್ ಕಾರ್ಖಾನೆಯ ಪರ್ಸನಲ್ ವಿಭಾಗದಲ್ಲಿ 29 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಅಂದರೆ ಮಾತುಕತೆಯ ಮೇಜಿನಲ್ಲಿ ನಿಮ್ಮ ಎದುರಿನ ಸಾಲಿನಲ್ಲಿ ಕೂತವನು. ನನ್ನ ಮಾತಿಗೆ ಆ ಕುರ್ಚಿಯ ವಾಸನೆ ಇದ್ದೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಕೇಳಬೇಕು.

ನಮ್ಮಲ್ಲಿ ಜಮಖಂಡಿ ಕಡೆಯ ಒಬ್ಬ ಲೇತ್ ಆಪರೇಟರ್ ಇದ್ದ. ಅವನ ಕ್ವಾಲಿಟಿ ಸರ್ಕಲ್, ಅಂದರೆ ಕೆಲಸದ ತೊಂದರೆಗಳಿಗೆ ತಾವೇ ಕೂತು ಪರಿಹಾರ ಹುಡುಕುವ ಕಾರ್ಮಿಕರ ಸಣ್ಣ ಗುಂಪು, ಕಂಪನಿಯೊಳಗಿನ ಸ್ಪರ್ಧೆಯಲ್ಲಿ ಎರಡು ವರ್ಷ ಸತತವಾಗಿ ಮೊದಲ ಬಹುಮಾನ ಪಡೆದಿತ್ತು, ಕ್ಯಾಂಟೀನಿನ ಗೋಡೆಯ ಮೇಲೆ ಅವನ ಫೋಟೋ ಇತ್ತು. ಅದೇ ಮನುಷ್ಯ ಹೊಸ ಒಪ್ಪಂದದ ಮಾತುಕತೆ ನಿಂತುಹೋದ ತಿಂಗಳಲ್ಲಿ ಗೇಟ್ ಮೀಟಿಂಗಿನ ಮುಂದಿನ ಸಾಲಿನಲ್ಲಿ ನಿಂತು, ಕೊರಳ ನರ ಉಬ್ಬುವ ಹಾಗೆ ಘೋಷಣೆ ಕೂಗಿದ. ಮೇಲಿನ ಮಹಡಿಯ ಕಿಟಕಿಯಿಂದ ನೋಡುತ್ತಿದ್ದ ನಮ್ಮ ವರ್ಕ್ಸ್ ಮ್ಯಾನೇಜರರು ನನ್ನ ಕಡೆ ತಿರುಗಿ, "ಇವನು ನಮ್ಮವನೋ, ಅವರವನೋ?" ಎಂದು ಕೇಳಿದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ. ಕಾರ್ಮಿಕನನ್ನು ಆಡಳಿತದ ಕೆಲವು ನಿರ್ಧಾರಗಳಲ್ಲಿ ಸೇರಿಸಿಕೊಳ್ಳುವ ಕಾರ್ಯಕ್ರಮಗಳು, ಅಂದರೆ ಎರಡೂ ಕಡೆಯವರು ಕೂರುವ ವರ್ಕ್ಸ್ ಕಮಿಟಿ, ವಿಭಾಗದ ಮಟ್ಟದ ಶಾಪ್ ಕೌನ್ಸಿಲ್, ಕ್ವಾಲಿಟಿ ಸರ್ಕಲ್, ಕಾರ್ಮಿಕರ ಸಲಹೆ ಕೇಳುವ ಸಜೆಷನ್ ಸ್ಕೀಮ್, ಸಣ್ಣ ಸಣ್ಣ ಸುಧಾರಣೆಗಳ ಕೈಜೆನ್ ಇವೆಲ್ಲ ಅವನಿಗೆ ಯೂನಿಯನ್ ಮೇಲಿರುವ ನಿಷ್ಠೆಯನ್ನು ಸವೆಸುತ್ತವೆಯೇ, ಬೆಳೆಸುತ್ತವೆಯೇ, ಅಥವಾ ಅದನ್ನು ಮುಟ್ಟುವುದೇ ಇಲ್ಲವೇ?

ನಿಷ್ಠೆ ಎಂದಾಗ ನಮ್ಮ ಭಾಷೆಯಲ್ಲಿ ಮೊದಲು ನೆನಪಾಗುವುದು ಉಪ್ಪು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು, ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತೇವೆ. ಈ ನಿಷ್ಠೆಗೆ ಮನೆ ಒಂದೇ, ಯಜಮಾನ ಒಬ್ಬನೇ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಕೆಲಸಕ್ಕೆ ಸೇರಿದ ನಮ್ಮ ಕರಾವಳಿಯ ಹುಡುಗರು ಈ ಉಪ್ಪಿನ ಋಣವನ್ನು ಚೆನ್ನಾಗಿ ಬಲ್ಲವರು. ಧಣಿಗಳು ಅದೇ ಊರಿನವರು, ಮಾತು ಒಂದೇ, ಮಲಗುವುದು ಹೋಟೆಲಿನ ಅಟ್ಟದ ಮೇಲೆ. ರಾತ್ರಿ ಗಲ್ಲಾ ಎಣಿಸಿದ ಮೇಲೆ ಧಣಿಗಳು ಭಟ್ಟರನ್ನು ಕರೆದು ನಾಳೆ ಏನು ಮಾಡೋಣ ಎಂದು ಕೇಳುವುದೂ ಇತ್ತು. ಅದನ್ನು ಯಾರೂ ಸಹಭಾಗಿತ್ವ ಎಂದು ಕರೆಯಲಿಲ್ಲ, ಆದರೆ ಅದು ಅದೇ. ಇಷ್ಟು ಹತ್ತಿರದ ಸಂಬಂಧ ಇದ್ದರೂ, 1950ರ ಸುಮಾರಿಗೆ ಮಂಗಳೂರಿನಿಂದ ಬರಿಗೈಯಲ್ಲಿ ಮುಂಬಯಿಗೆ ಬಂದ ಜಾರ್ಜ್ ಫರ್ನಾಂಡಿಸ್ ಹೋಟೆಲು ಕಾರ್ಮಿಕರನ್ನು, ಟ್ಯಾಕ್ಸಿ ಚಾಲಕರನ್ನು, ನಗರಪಾಲಿಕೆಯ ನೌಕರರನ್ನು ಸಂಘಟಿಸತೊಡಗಿದಾಗ, ಧಣಿಗಳ ಉಪ್ಪು ತಿಂದ ಹುಡುಗರೂ ಚಂದಾ ಕೊಟ್ಟು ಸದಸ್ಯರಾದರು. ಅವರಲ್ಲಿ ಎಷ್ಟೋ ಜನ ಧಣಿಗಳ ಮನೆಯ ಮದುವೆಗೆ ಊರಿಗೆ ಹೋಗಿ ಬಡಿಸಿಯೂ ಬಂದರು. ಎರಡೂ ನಿಜ. ನಿಷ್ಠೆಯನ್ನು ಒಂದೇ ಕೊಡದ ನೀರಿನಂತೆ ಭಾವಿಸಿ, ಅತ್ತ ಬಗ್ಗಿಸಿದಷ್ಟು ಇತ್ತ ಬರಿದಾಗುತ್ತದೆ ಎಂದು ಲೆಕ್ಕ ಹಾಕುವವರು ಈ ಹುಡುಗರನ್ನು ನೋಡಿದವರಲ್ಲ.

ನಮ್ಮ ದೇಶದಲ್ಲಿ ಸಹಭಾಗಿತ್ವದ ಕಾರ್ಯಕ್ರಮಗಳು ಹೆಚ್ಚಾಗಿ ಸರಕಾರದ ಕಾಗದದ ಮೇಲೆ ಹುಟ್ಟಿದವು. ಆ ಇತಿಹಾಸವನ್ನು ಬೇಗ ದಾಟಿಬಿಡುತ್ತೇನೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 3ನೇ ಕಲಮು, 100 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಎರಡೂ ಪಕ್ಷದವರಿರುವ ವರ್ಕ್ಸ್ ಕಮಿಟಿಗೆ ದಾರಿ ಮಾಡಿತು. 1958ರಲ್ಲಿ ಜಂಟಿ ಆಡಳಿತ ಮಂಡಳಿಗಳ ಯೋಜನೆ ಬಂತು. 1975ರ ಅಕ್ಟೋಬರಿನಲ್ಲಿ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮತ್ತು ಗಣಿಗಳಿಗೆ ಶಾಪ್ ಕೌನ್ಸಿಲ್ ಹಾಗೂ ಇಡೀ ಘಟಕದ ಮಟ್ಟದ ಜಾಯಿಂಟ್ ಕೌನ್ಸಿಲ್‌ಗಳು ಬಂದವು. 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 43ಎ ವಿಧಿ, ಆಡಳಿತದಲ್ಲಿ ಕಾರ್ಮಿಕರ ಪಾಲ್ಗೊಳ್ಳುವಿಕೆಯನ್ನು ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಒಂದಾಗಿಸಿತು. 1983ರಲ್ಲಿ ಕೇಂದ್ರದ ಸಾರ್ವಜನಿಕ ಉದ್ಯಮಗಳಿಗೆ ಇನ್ನೊಂದು ಯೋಜನೆ ಬಂತು; 1990ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾನೂನಾಗಲೇ ಇಲ್ಲ. ಇದರಲ್ಲಿ ಒಂದು ವಿಷಯವನ್ನು ಮಾತ್ರ ನಿಂತು ನೋಡಬೇಕು. 1975ರ ಯೋಜನೆ ಬಂದಾಗ ದೇಶದಲ್ಲಿ ತುರ್ತುಪರಿಸ್ಥಿತಿ ಇತ್ತು. ಮುಷ್ಕರ ಹೂಡುವಂತಿರಲಿಲ್ಲ, ಅನೇಕ ಕಾರ್ಮಿಕ ನಾಯಕರು ಜೈಲಿನಲ್ಲಿದ್ದರು. ಗೇಟಿನ ಹೊರಗೆ ಬಾಯಿ ಕಟ್ಟಿ, ಒಳಗೆ ಕುರ್ಚಿ ಹಾಕಿ ಮಾತನಾಡು ಎಂದಂತೆ ಆಯಿತು. ಸಹಭಾಗಿತ್ವ ಎಂಬ ಪದ ಕೇಳಿದೊಡನೆ ಹಳೆಯ ಯೂನಿಯನ್ ಕಾರ್ಯಕರ್ತರು ಇಂದಿಗೂ ಹುಬ್ಬು ಗಂಟಿಕ್ಕುವುದಕ್ಕೆ ಇದೊಂದು ಕಾರಣ.

ಈ ಅನುಮಾನ ನಮ್ಮಲ್ಲಷ್ಟೇ ಹುಟ್ಟಿದ್ದಲ್ಲ. ಅಮೆರಿಕದ ಕೊಲರಾಡೋದಲ್ಲಿ 1914ರಲ್ಲಿ ಲಡ್ಲೋ ಎಂಬಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಡೇರೆಗಳ ಮೇಲೆ ಗುಂಡು ಹಾರಿ, ಹೆಂಗಸರು ಮಕ್ಕಳೂ ಸತ್ತರು. ಮರುವರ್ಷ ಆ ಗಣಿಯ ಒಡೆಯರಾದ ರಾಕ್‌ಫೆಲರ್ ಮನೆತನದವರು ಕಾರ್ಮಿಕ ಪ್ರತಿನಿಧಿಗಳ ಯೋಜನೆಯೊಂದನ್ನು ತಂದರು. ಪ್ರತಿನಿಧಿಗಳ ಆಯ್ಕೆ ಇತ್ತು, ಜಂಟಿ ಸಮಿತಿಗಳಿದ್ದವು, ಅಹವಾಲು ಕೇಳುವ ಏರ್ಪಾಡಿತ್ತು. ಯೂನಿಯನ್ ಒಂದಕ್ಕೆ ಮಾತ್ರ ಮಾನ್ಯತೆ ಇರಲಿಲ್ಲ. ಅನೇಕ ಕಂಪನಿಗಳು ಇದನ್ನೇ ಅನುಸರಿಸಿ ಮನೆಯೊಳಗಿನ ಯೂನಿಯನ್‌ಗಳನ್ನು ಸಾಕಿದ ಮೇಲೆ, 1935ರ ವ್ಯಾಗ್ನರ್ ಕಾಯಿದೆ, ಮಾಲೀಕನೇ ಹುಟ್ಟುಹಾಕಿ ಹಿಡಿತದಲ್ಲಿಟ್ಟುಕೊಂಡ ಕಾರ್ಮಿಕ ಸಂಸ್ಥೆಯನ್ನು ನಿಷೇಧಿಸಿತು. ಆ ನಿಷೇಧ ಎಷ್ಟು ಗಟ್ಟಿಯೆಂದರೆ, 1992ರಲ್ಲಿ ಎಲೆಕ್ಟ್ರೋಮೇಷನ್ ಎಂಬ ಕಂಪನಿ ಹಾಜರಾತಿ, ವೇತನದ ಏರಿಕೆ ಮುಂತಾದ ವಿಷಯಗಳಿಗೆ ಮಾಡಿದ್ದ ಸಮಿತಿಗಳನ್ನೂ ಅಲ್ಲಿನ ಕಾರ್ಮಿಕ ಮಂಡಳಿ ಕಾನೂನುಬಾಹಿರ ಎಂದಿತು. ಆ ಕಟ್ಟನ್ನು ಸಡಿಲಿಸಲು ಬಂದ ಮಸೂದೆಯನ್ನು 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ತಡೆದರು.

ನಮ್ಮ ಸರ್ವೋಚ್ಚ ನ್ಯಾಯಾಲಯ ಇದೇ ಪ್ರಶ್ನೆಗೆ ಬೇರೊಂದು ದಾರಿಯಿಂದ ಬಂದು ನಿಂತಿತು. ನಾರ್ತ್‌ಬ್ರೂಕ್ ಸೆಣಬಿನ ಗಿರಣಿಯ ಆಡಳಿತ ಕೆಲಸದ ಹೊರೆಯನ್ನು ಮರುಹಂಚುವ ಒಂದು ಯೋಜನೆಯನ್ನು ವರ್ಕ್ಸ್ ಕಮಿಟಿಯ ಮುಂದಿಟ್ಟು, ಅಲ್ಲಿ ಒಪ್ಪಿಗೆಯಾಯಿತು ಎಂದು ಜಾರಿಗೆ ತರಹೊರಟಿತು. ಕಾರ್ಮಿಕರು ಒಪ್ಪದೆ ಕೆಲಸ ನಿಲ್ಲಿಸಿದರು. 1960ರಲ್ಲಿ ತೀರ್ಪು ಕೊಟ್ಟ ನ್ಯಾಯಾಲಯ, ದಿನನಿತ್ಯದ ತಿಕ್ಕಾಟಗಳನ್ನು ಸರಿಪಡಿಸುವುದು ವರ್ಕ್ಸ್ ಕಮಿಟಿಯ ಕೆಲಸ, ಯೂನಿಯನ್‌ನ ಜಾಗದಲ್ಲಿ ಕೂತು ಸಾಮೂಹಿಕ ಚೌಕಾಸಿ ಮಾಡುವುದು ಅದರ ಕೆಲಸವಲ್ಲ, ಆದ್ದರಿಂದ ಕಮಿಟಿಯ ಒಪ್ಪಿಗೆ ಕಾರ್ಮಿಕರನ್ನು ಕಟ್ಟಿಹಾಕದು ಎಂದಿತು. ಪರ್ಸನಲ್ ವಿಭಾಗಕ್ಕೆ ಸೇರಿದ ಹೊಸಬನಿಗೆ ಈ ತೀರ್ಪನ್ನು ಮೊದಲ ವಾರದಲ್ಲೇ ಓದಿಸಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಓದಿದ್ದು ಏಳನೇ ವರ್ಷದಲ್ಲಿ, ಅದೂ ಒಂದು ಪೆಟ್ಟು ತಿಂದ ಮೇಲೆ.

ಆ ಪೆಟ್ಟಿನ ವಿಷಯ ಹೇಳಬೇಕು. ಅದಕ್ಕೆ ಮೊದಲು ಕ್ವಾಲಿಟಿ ಸರ್ಕಲ್ ನಮ್ಮಲ್ಲಿಗೆ ಬಂದ ಬಗೆ. ಜಪಾನಿನಲ್ಲಿ 1962ರಲ್ಲಿ ಕವೊರು ಇಶಿಕಾವಾ ಅವರ ಪ್ರೇರಣೆಯಿಂದ ಶುರುವಾದ ಈ ಪದ್ಧತಿ, 1980ರಲ್ಲಿ ಹೈದರಾಬಾದಿನ ಬಿ.ಎಚ್.ಇ.ಎಲ್. ಕಾರ್ಖಾನೆಯ ಮೂಲಕ ಭಾರತಕ್ಕೆ ಕಾಲಿಟ್ಟಿತು. ಅದನ್ನು ತಂದವರು ಎಸ್.ಆರ್. ಉಡುಪ, ಹೆಸರು ಕೇಳಿದರೆ ನಮ್ಮಲ್ಲಿ ಕೆಲವರ ಕಿವಿ ನೆಟ್ಟಗಾಗುತ್ತದೆ. ಒಂದೇ ಕೆಲಸ ಮಾಡುವ ಆರೆಂಟು ಜನ ವಾರಕ್ಕೊಮ್ಮೆ ಒಂದು ಗಂಟೆ ಕೂತು, ತಮ್ಮ ಕೆಲಸದ ಒಂದು ತೊಂದರೆಯನ್ನು ಆರಿಸಿಕೊಂಡು, ಅದರ ಕಾರಣವನ್ನು ಮೀನಿನ ಮುಳ್ಳಿನಂಥ ಚಿತ್ರ ಬರೆದು ಹುಡುಕಿ, ಪರಿಹಾರವನ್ನು ಮೇಲಧಿಕಾರಿಗಳ ಮುಂದೆ ತಾವೇ ನಿಂತು ವಿವರಿಸುತ್ತಾರೆ. ಜಪಾನಿನಲ್ಲಿ ಬಹುಪಾಲು ಯೂನಿಯನ್‌ಗಳು ಆಯಾ ಕಂಪನಿಯೊಳಗಿನವೇ, ಹಾಗಾಗಿ ಅಲ್ಲಿ ಸರ್ಕಲ್ಲಿಗೂ ಯೂನಿಯನ್ನಿಗೂ ಜಾಗದ ಜಗಳ ಅಷ್ಟಾಗಿ ಹುಟ್ಟಲಿಲ್ಲ. ನಾವು ಸರ್ಕಲ್ಲನ್ನು ತಂದೆವು, ಅದು ಬೆಳೆದ ಮಣ್ಣನ್ನು ತರಲಾಗಲಿಲ್ಲ.

ನನ್ನ ಜಮಖಂಡಿಯ ಲೇತ್ ಆಪರೇಟರನ ಸರ್ಕಲ್ ಆರಿಸಿಕೊಂಡ ತೊಂದರೆ ಕೂಲಂಟ್, ಅಂದರೆ ಲೋಹ ಕತ್ತರಿಸುವ ಟೂಲನ್ನು ತಂಪಾಗಿಡುವ ದ್ರವದ ಸೋರಿಕೆ. ಮಶೀನಿನ ಬುಡದಲ್ಲಿ ಹಾಲಿನಂಥ ಬಿಳಿಯ ನೀರು ನಿಂತು, ಮರದ ಹಲಗೆ ಕೊಳೆತು, ತಿಂಗಳಿಗೆ ಒಬ್ಬನಾದರೂ ಜಾರಿ ಬೀಳುತ್ತಿದ್ದ. ಇವರು ಒಂದು ಹಳೆಯ ತಗಡನ್ನು ಬಾಗಿಸಿ ತಟ್ಟೆ ಮಾಡಿ, ಕೊಳವೆಯ ಬಾಯನ್ನು ಎರಡು ಬೆರಳಷ್ಟು ತಿರುಗಿಸಿ ಕೂಡಿಸಿದರು. ನೆಲ ಒಣಗಿತು. ಅದರ ಜೊತೆಗೆ ಯಾರೂ ಎಣಿಸದ ಇನ್ನೊಂದು ಲಾಭವಾಯಿತು: ಕೂಲಂಟ್ ಸರಿಯಾದ ಜಾಗಕ್ಕೆ ಬೀಳತೊಡಗಿ ಟೂಲ್ ಬೇಗ ಸವೆಯುವುದು ನಿಂತಿತು, ಪಾಳಿಗೆ ಮೂರು ಸಲ ಬದಲಿಸುತ್ತಿದ್ದ ಟೂಲನ್ನು ಒಂದು ಸಲ ಬದಲಿಸಿದರೆ ಸಾಕಾಯಿತು. ಬಹುಮಾನ ಬಂತು, ಫೋಟೋ ಬಂತು, ಹೆಂಡತಿಯೊಡನೆ ಊಟಕ್ಕೆ ಕರೆದರು. ಮೂರು ತಿಂಗಳ ನಂತರ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ವಿಭಾಗದವರು ಸ್ಟಾಪ್‌ವಾಚ್ ಹಿಡಿದು ಬಂದರು. ಟೂಲ್ ಬದಲಿಸುವ ಸಮಯ ಉಳಿದಿದೆಯಾದ್ದರಿಂದ ಪಾಳಿಯ ಉತ್ಪಾದನೆಯ ಮಟ್ಟ ಏರಬೇಕು ಎಂದರು. ಆ ಏರಿಕೆಯನ್ನು ನಾವು ವರ್ಕ್ಸ್ ಕಮಿಟಿಯ ಸಭೆಯಲ್ಲಿ ಇಟ್ಟು, ಸರ್ಕಲ್ಲಿನ ಸದಸ್ಯರೂ ಆಗಿದ್ದ ಇಬ್ಬರು ಪ್ರತಿನಿಧಿಗಳ ಸಹಿ ಪಡೆದು, ನೋಟಿಸ್ ಬೋರ್ಡಿಗೆ ಹಚ್ಚಿದೆವು. ಆ ಜಾಣತನ ನನ್ನದೇ.

ಮರುದಿನ ಬೆಳಗಿನ ಪಾಳಿಯಲ್ಲಿ ಟರ್ನಿಂಗ್ ಶಾಪಿನಲ್ಲಿ ಒಂದು ಮಶೀನೂ ತಿರುಗಲಿಲ್ಲ. ಯೂನಿಯನ್ ಕಾರ್ಯದರ್ಶಿ ನನ್ನ ಟೇಬಲ್ಲಿಗೆ ಬಂದು, ಮರಾಠಿಯಲ್ಲಿ, ಒಂದಿಷ್ಟೂ ದನಿ ಏರಿಸದೆ, ನಮ್ಮ ಒಪ್ಪಂದದಲ್ಲಿ ಉತ್ಪಾದನೆಯ ಮಟ್ಟದ ಕಲಮು ಎಷ್ಟನೆಯದು ಎಂದು ಕೇಳಿದರು. ನಾನು ಹೇಳಿದೆ. ಅದಕ್ಕೆ ಸಹಿ ಹಾಕಿದವರು ಯಾರು ಎಂದು ಕೇಳಿದರು. ಅದನ್ನೂ ಹೇಳಿದೆ. ಅವರು ನಮಸ್ಕಾರ ಮಾಡಿ ಹೊರಟುಹೋದರು. ನೋಟಿಸ್ ಇಳಿಸಲು ನಮಗೆ ನಾಲ್ಕು ದಿನ ಬೇಕಾಯಿತು. ಸರ್ಕಲ್ಲುಗಳು ಮತ್ತೆ ಕೂಡಲು ಒಂದೂವರೆ ವರ್ಷ. ಆ ಒಂದೂವರೆ ವರ್ಷದಲ್ಲಿ ಯೂನಿಯನ್ ಮೇಲಿನ ನಿಷ್ಠೆ ಏರಿತೇ ಎಂದು ಕೇಳಿದರೆ, ಏರಿತು, ಆದರೆ ಅದನ್ನು ಏರಿಸಿದ್ದು ಯೂನಿಯನ್ ಅಲ್ಲ, ನಾವು.

ಸರ್ಕಲ್ಲುಗಳು ಮರಳಿ ಶುರುವಾದದ್ದು ಬೇರೆ ಬಾಗಿಲಿನಿಂದ. ಯಾವ ಸೂಚನೆಯಿಂದಲೂ ಯಾರ ಕೆಲಸವೂ ಹೋಗಬಾರದು, ಉತ್ಪಾದನೆಯ ಮಟ್ಟ ಬದಲಾಗುವುದಿದ್ದರೆ ಅದು ಮಾತುಕತೆಯ ಮೇಜಿಗೇ ಬರಬೇಕು ಎಂದು ಯೂನಿಯನ್ ಜೊತೆ ಎರಡು ಪುಟದ ಕರಾರು ಮಾಡಿಕೊಂಡೆವು, ಮತ್ತು ಸರ್ಕಲ್ಲುಗಳ ಮೇಲ್ವಿಚಾರಣೆಯ ಸಮಿತಿಯಲ್ಲಿ ಯೂನಿಯನ್ ಪದಾಧಿಕಾರಿ ಒಬ್ಬರು ಕೂತರು. ನನ್ನ ಆಪರೇಟರ್ ಮತ್ತೆ ಬಂದ. ಒಂದು ಸಂಜೆ ನಾನು, ಕಿಟಕಿಯ ಬಳಿ ವರ್ಕ್ಸ್ ಮ್ಯಾನೇಜರರು ನನಗೆ ಕೇಳಿದ್ದ ಆ ಹಳೆಯ ಪ್ರಶ್ನೆಯನ್ನೇ ಅವನಿಗೆ ಕೇಳಿಬಿಟ್ಟೆ. ಅವನು ನಕ್ಕ. "ಸೊಸಿ ಗಂಡನ ಮನೀಗೆ ಬಂದಾಳಂತ ತವರ ಮರೀತಾಳೇನ್ರಿ ಸಾಹೇಬ್ರ? ದುಡಿಯೂದು ಇಲ್ಲೇ, ಉಣ್ಣೂದು ಇಲ್ಲೇ. ಆದ್ರ ಇಲ್ಲೆ ಕೈ ಎತ್ತಿದ್ರ ಹೋಗಾಕ ಒಂದು ಮನಿ ಬೇಕಲ್ರಿ" ಅಂದ.

ಅವನು ತವರಿನ ಮಾತಿನಲ್ಲಿ ಹೇಳಿದ್ದನ್ನು ವಿದ್ವಾಂಸರು ಬೇರೆ ಮಾತಿನಲ್ಲಿ ಹೇಳಿದ್ದಾರೆ. 1950ರ ದಶಕದಲ್ಲಿ ಥಿಯೊಡೋರ್ ಪರ್ಸೆಲ್ ಎಂಬ ಪಾದ್ರಿ ಷಿಕಾಗೋದ ಮಾಂಸ ಸಂಸ್ಕರಣೆಯ ಕಾರ್ಮಿಕರ ನಡುವೆ ಇದ್ದು ಅವರನ್ನು ಮಾತನಾಡಿಸಿ, ಬಹುಪಾಲು ಜನ ಕಂಪನಿಗೂ ಯೂನಿಯನ್ನಿಗೂ ಏಕಕಾಲಕ್ಕೆ ನಿಷ್ಠರು ಎಂದು ಕಂಡರು. 1980ರಲ್ಲಿ ಮೈಕೆಲ್ ಗಾರ್ಡನ್ ಮತ್ತು ಸಂಗಡಿಗರು ಯೂನಿಯನ್ ಬದ್ಧತೆಯನ್ನು ಅಳೆಯುವ ಮಾಪಕವನ್ನೇ ರೂಪಿಸಿ, ಅದರಲ್ಲಿ ನಾಲ್ಕು ಎಳೆಗಳನ್ನು ಬಿಡಿಸಿದರು: ಯೂನಿಯನ್ ಮೇಲಿನ ಅಭಿಮಾನ, ಅದರ ಬಗೆಗಿನ ಹೊಣೆ, ಅದಕ್ಕಾಗಿ ದುಡಿಯುವ ಮನಸ್ಸು, ಮತ್ತು ಯೂನಿಯನ್ ಎಂಬ ತತ್ವದಲ್ಲಿ ನಂಬಿಕೆ. ಈ ನಾಲ್ಕು ಒಟ್ಟಿಗೇ ಏರಿಳಿಯಬೇಕೆಂದಿಲ್ಲ. ಚಂದಾ ತಪ್ಪಿಸದವನು ಸಭೆಗೆ ಬರದಿರಬಹುದು. ಸಭೆಗೆ ಬರುವವನು ಈಗಿನ ಪದಾಧಿಕಾರಿಗಳನ್ನು ಬೈಯುತ್ತಿರಬಹುದು. ಕ್ವಾಲಿಟಿ ಸರ್ಕಲ್ಲು ಕೆಲವರಿಂದ ಕಸಿಯುವುದು ಮೂರನೆಯ ಎಳೆಯನ್ನು ಎಂದು ನನಗೆ ಅನಿಸಿದೆ. ನಾಲ್ಕು ಜನರ ಮುಂದೆ ಮಾತನಾಡಬಲ್ಲ, ಲೆಕ್ಕ ಬಲ್ಲ ಹುಡುಗನಿಗೆ ಮೊದಲು ಯೂನಿಯನ್ ಕಚೇರಿಯೊಂದೇ ಮೆಟ್ಟಿಲಾಗಿತ್ತು. ಈಗ ಕಂಪನಿಯೂ ಒಂದು ವೇದಿಕೆ ಕೊಟ್ಟಿತು. ಅವನ ನಂಬಿಕೆ ಹೋಗುವುದಿಲ್ಲ, ಸಂಜೆಗಳು ಹೋಗುತ್ತವೆ.

ಕೋಚನ್, ಕಟ್ಜ್ ಮತ್ತು ಮೋವರ್ 1984ರಲ್ಲಿ ಅಮೆರಿಕದ ಯೂನಿಯನ್‌ಗಳೊಳಗೇ ಇಂಥ ಕಾರ್ಯಕ್ರಮಗಳನ್ನು ಪರಿಶೀಲಿಸಿದಾಗ, ಅವು ಯೂನಿಯನ್ ನಿಷ್ಠೆಯ ಬುಡ ಕೊರೆಯುತ್ತವೆ ಎಂಬ ಭಯಕ್ಕೆ ಅಷ್ಟಾಗಿ ಆಧಾರ ಸಿಗಲಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು 1992ರಲ್ಲಿ ಈಟನ್, ಗಾರ್ಡನ್ ಮತ್ತು ಕೀಫ್ ಕಂಡದ್ದು. ಅವರು ಸಹಭಾಗಿತ್ವದ ಕಾರ್ಯಕ್ರಮವನ್ನೂ ಅಹವಾಲು ವ್ಯವಸ್ಥೆಯನ್ನೂ ಅಕ್ಕಪಕ್ಕದಲ್ಲಿಟ್ಟು, ಸದಸ್ಯರ ಯೂನಿಯನ್ ಬದ್ಧತೆಗೆ ಯಾವುದು ಹತ್ತಿರ ಎಂದು ನೋಡಿದರು. ಅಹವಾಲು ವ್ಯವಸ್ಥೆ ನಿಜವಾಗಿ ಕೆಲಸ ಮಾಡುತ್ತದೆ ಎಂಬ ಅನುಭವವೇ ಗಟ್ಟಿಯಾದ ಕೊಂಡಿಯಾಗಿತ್ತು. ನಾನು ಇದನ್ನು ಓದಿದಾಗ ಒಂದು ಪೇಪರಿನ ಫಲಿತಾಂಶ ಎನ್ನುವುದಕ್ಕಿಂತ ನಮ್ಮ ಟರ್ನಿಂಗ್ ಶಾಪಿನ ವರದಿಯಂತೆ ಕಂಡಿತು. ಅದೇ ಆಪರೇಟರನ ಸರ್ಕಲ್ಲಿನ ಇನ್ನೊಬ್ಬನಿಗೆ ಒಮ್ಮೆ ಚಾರ್ಜ್‌ಶೀಟ್ ಕೊಟ್ಟೆವು. ಫೋರ್‌ಮನ್ ಜೊತೆ ಕೈಕೈ ಮಿಲಾಯಿಸಿದ ಆರೋಪ. ವಿಚಾರಣೆಯ ದಿನ ಆ ಹುಡುಗ, ಬಹುಮಾನದ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ತಂದಿದ್ದ, ಅದು ಕೆಲಸಕ್ಕೆ ಬರಬಹುದೆಂದು. ವಿಚಾರಣಾಧಿಕಾರಿ ಅದನ್ನು ನೋಡಲೂ ಇಲ್ಲ. ಅವನ ಪಕ್ಕದ ಕುರ್ಚಿಯಲ್ಲಿ ಬಂದು ಕೂತು, ಫೋರ್‌ಮನ್ ಮೊದಲು ಅಂದ ಮಾತು ಏನು ಎಂದು ಪಾಟೀಸವಾಲಿನಲ್ಲಿ ಹೊರಗೆಳೆದವರು ಯೂನಿಯನ್ ಪ್ರತಿನಿಧಿ. ಮಾನ್ಯತೆ ಪಡೆದ ಯೂನಿಯನ್ನಿಗೆ ಹಾಗೆ ಕೂರುವ ಹಕ್ಕನ್ನು ಮಹಾರಾಷ್ಟ್ರದ 1971ರ ಕಾಯಿದೆ ಕೊಟ್ಟಿತ್ತು. ಕೆಲಸ ಉಳಿಯಿತು. ಆ ಹುಡುಗ ಮುಂದೆಯೂ ಸರ್ಕಲ್ಲಿಗೆ ಬಂದ. ಆದರೆ ನಿಷ್ಠೆ ಎಲ್ಲಿ ಎಂದು ಅವನನ್ನು ಯಾರೂ ಕೇಳಬೇಕಾಗಿರಲಿಲ್ಲ.

ಹಾಗೆಂದು ಯೂನಿಯನ್ ಎಂಬ ಫಲಕ ಇದ್ದ ಮಾತ್ರಕ್ಕೆ ನಿಷ್ಠೆ ಬಂದುಬಿಡುತ್ತದೆ ಎಂದು ಮುಂಬಯಿಯಲ್ಲಿ ಬದುಕಿದ ಯಾರೂ ಹೇಳಲಾರರು. 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯಂತೆ ಗಿರಣಿ ಕಾರ್ಮಿಕರ ಪರವಾಗಿ ಮಾತನಾಡುವ ಅಧಿಕಾರ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಇತ್ತು. ಕಾರ್ಮಿಕರು ಹೋದದ್ದು ಆ ಸಂಘದ ಹೊರಗಿನ ಕಾರ್ಮಿಕ ನಾಯಕ ಡಾ. ದತ್ತಾ ಸಾಮಂತರ ಹಿಂದೆ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಜನ ಹೂಡಿದ ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ. ಆ ಮುಷ್ಕರದ ಸೋಲುಗೆಲುವಿನ ಚರ್ಚೆ ಬೇರೆ. ಇಲ್ಲಿ ಬೇಕಾದದ್ದು ಇಷ್ಟು: ಕಾನೂನು ಕೊಟ್ಟ ಕುರ್ಚಿ ಒಂದು ಕಡೆ ಇತ್ತು, ನಿಷ್ಠೆ ಇನ್ನೊಂದು ಕಡೆ ಇತ್ತು. ಆಡಳಿತದೊಂದಿಗೆ ಎಷ್ಟೋ ಕಾಲದಿಂದ ಕೂತು ಎದ್ದು ಬಂದ ಸಂಘವೊಂದು ತನ್ನ ಸದಸ್ಯರ ಕಣ್ಣಿಗೆ ಆಡಳಿತದ ಇನ್ನೊಂದು ಕಚೇರಿಯಂತೆ ಕಾಣತೊಡಗಿದರೆ, ಆಗ ಸಹಭಾಗಿತ್ವ ಯೂನಿಯನ್ನನ್ನು ಒಳಗಿನಿಂದ ತಿಂದಿದೆ ಎಂದೇ ಅರ್ಥ. ಮೇಜಿನಲ್ಲಿ ಜಾಗ ಸಿಕ್ಕ ಪದಾಧಿಕಾರಿಗಳಿಗೆ ಈ ಅಪಾಯ ಸದಾ ಇರುತ್ತದೆ.

ಪುಣೆಯ ನೆನಪು 1989ರ ಸೆಪ್ಟೆಂಬರಿನದು. ಟಾಟಾದವರ ವಾಹನ ಕಂಪನಿ ಟೆಲ್ಕೋದ ಕಾರ್ಮಿಕರು ರಾಜನ್ ನಾಯರ್ ನೇತೃತ್ವದಲ್ಲಿ ಶನಿವಾರವಾಡದ ಮುಂದೆ ಉಪವಾಸ ಕೂತಿದ್ದನ್ನು ಇಲ್ಲಿನ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಅದೇ ಟಾಟಾ ಮನೆತನದ ಜಮ್ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ 1956ರ ಒಪ್ಪಂದದಿಂದ ವಿಭಾಗದ ಮಟ್ಟದಿಂದ ಹಿಡಿದು ಮೂರು ಹಂತಗಳ ಜಂಟಿ ಸಮಿತಿಗಳು ನಡೆದುಬಂದವು, ಅದೂ ಯೂನಿಯನ್ ಮೂಲಕವೇ. ಒಂದೇ ಮನೆತನ, ಎರಡು ಊರು. ಜಮ್ಶೆಡ್‌ಪುರದಲ್ಲಿ ಕಾರ್ಮಿಕರ ಪರವಾಗಿ ಯಾರು ಕೂರಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ಪುಣೆಯಲ್ಲಿ ಜಗಳವೇ ಅದರ ಬಗ್ಗೆ. ಇನ್ನು ಮಾನೇಸರದ ಮಾರುತಿ ಕಾರ್ಖಾನೆಯನ್ನೂ ನೆನೆಯಬೇಕು. ಮೇಲಧಿಕಾರಿಗೂ ಕಾರ್ಮಿಕನಿಗೂ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು ಎಂದು ದೇಶವೇ ಹೊಗಳಿದ ಕಂಪನಿಯಲ್ಲಿ, 2011ರ ಜೂನಿನಲ್ಲಿ ಹುಡುಗರು ಕಾರ್ಖಾನೆಯೊಳಗೇ ಕೂತು ಕೇಳಿದ್ದು ತಮ್ಮದೇ ಆದ ಒಂದು ಯೂನಿಯನ್. ಒಂದೇ ಬಣ್ಣದ ಅಂಗಿ ಆ ಬೇಡಿಕೆಯನ್ನು ತಣಿಸಲಿಲ್ಲ.

ಇದಕ್ಕೆ ಉಲ್ಟಾ ಆದದ್ದು ನಮ್ಮ ಚಾಕಣದಲ್ಲೇ. 2013ರಲ್ಲಿ ಬಜಾಜ್ ಆಟೋದ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಸಂಘಟನೆಯ ಬೇಡಿಕೆಗಳಲ್ಲಿ ಒಂದು, ಪ್ರತಿ ಕಾರ್ಮಿಕನಿಗೆ ಕಂಪನಿಯ 500 ಷೇರುಗಳನ್ನು ಒಂದೊಂದು ರೂಪಾಯಿಗೆ ಕೊಡಬೇಕು ಎಂಬುದು. ಐವತ್ತು ದಿನದ ಮುಷ್ಕರ ಆ ಷೇರು ಸಿಗದೆ ಮುಗಿಯಿತು. ಆಗ ಪತ್ರಿಕೆಗಳಲ್ಲಿ ಇದನ್ನು ವಿಚಿತ್ರ ಬೇಡಿಕೆ ಎಂಬಂತೆ ನೋಡಿದವರು ಬಹಳ. ನನಗೆ ಹಾಗೆ ಅನಿಸಲಿಲ್ಲ. ಕಂಪನಿ ನಿಮ್ಮದೇ, ನಿಮ್ಮದೇ ಎಂದು ಪ್ರತಿ ವಾರ್ಷಿಕೋತ್ಸವದಲ್ಲಿ ನಾವೇ ಭಾಷಣ ಮಾಡಿದ್ದೆವು. ಹಾಗಾದರೆ ಕಾಗದ ಕೊಡಿ ಎಂದು ಯೂನಿಯನ್ ಕೇಳಿತು. ಕುರ್ಲಾದ ಕಮಾನಿ ಟ್ಯೂಬ್ಸ್ ಮುಚ್ಚಿದಾಗ ಕಾರ್ಮಿಕರು ಇನ್ನೂ ಮುಂದೆ ಹೋಗಿ, 1988ರಲ್ಲಿ ಸಹಕಾರ ಸಂಘದ ಮೂಲಕ ಕಾರ್ಖಾನೆಯನ್ನೇ ವಹಿಸಿಕೊಂಡರು, ಅದಕ್ಕೆ ಮುಂದಾಳಾದದ್ದೂ ಯೂನಿಯನ್ನೇ. ಸಹಭಾಗಿತ್ವ ಎಂದರೆ ಮಾಲೀಕರ ಕಡೆಯಿಂದ ಬರುವ ಕಾರ್ಯಕ್ರಮ ಎಂದು ಯಾಕೆ ಎಲ್ಲರೂ ಹಿಡಿದುಕೊಂಡೆವೋ ಗೊತ್ತಿಲ್ಲ.

ಯೂನಿಯನ್ ಗೆಳೆಯರಿಗೆ ಎದುರು ಸಾಲಿನವನಾಗಿ ಒಂದು ಮಾತು. ಸರ್ಕಲ್ಲು, ಕೈಜೆನ್ ಬಂದಾಗ ನಿಮ್ಮಲ್ಲಿ ಅನೇಕರು, ಅದು ಅವರ ಆಟ, ನಾವು ಹೋಗುವುದೂ ಇಲ್ಲ, ತಡೆಯುವುದೂ ಇಲ್ಲ ಎಂದು ದೂರ ನಿಂತಿರಿ. ನಮಗೆ ಅದಕ್ಕಿಂತ ಅನುಕೂಲದ ನಿಲುವು ಇರಲಿಲ್ಲ. ವಿರೋಧಿಸಿದ್ದರೆ ನಾವು ಮಾತನಾಡಬೇಕಾಗುತ್ತಿತ್ತು, ಸೇರಿದ್ದರೆ ಅಧಿಕಾರ ಹಂಚಬೇಕಾಗುತ್ತಿತ್ತು. ದೂರ ನಿಂತದ್ದರಿಂದ ಒಣಗಿದ ನೆಲ, ಹೊಸ ಫ್ಯಾನು, ಸರಿಯಾದ ಎತ್ತರದ ಸ್ಟೂಲು ಎಲ್ಲದರ ಪುಣ್ಯ ಕಂಪನಿಯ ಖಾತೆಗೆ ಜಮಾ ಆಯಿತು, ಮೂರು ವರ್ಷಕ್ಕೊಮ್ಮೆ ಬರುವ ವೇತನ ಒಪ್ಪಂದವೊಂದೇ ನಿಮ್ಮ ಖಾತೆಯಲ್ಲಿ ಉಳಿಯಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು, ವರ್ಕ್ಸ್ ಕಮಿಟಿಯನ್ನು ಉಳಿಸಿಕೊಂಡಿದೆ; 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ, ಹತ್ತಕ್ಕೆ ಮೀರದ ಸದಸ್ಯರ ಅಹವಾಲು ಪರಿಹಾರ ಸಮಿತಿ ಇರಬೇಕೆಂದಿದೆ; ಏಕೈಕ ಮಾತುಕತೆಯ ಯೂನಿಯನ್ ಆಗಲು ಶೇಕಡಾ 51 ಬೆಂಬಲ ಬೇಕೆಂದಿದೆ. ಈ ಮೂರರಲ್ಲಿ ಎಲ್ಲರ ಕಣ್ಣು ಮೂರನೆಯದರ ಮೇಲಿದೆ. ನನ್ನ ಕಣ್ಣು ಅಹವಾಲು ಸಮಿತಿಯ ಮೇಲಿದೆ. ಆ ಸಮಿತಿಯಲ್ಲಿ ಯಾರು ಕೂರುತ್ತಾರೆ, ಅಲ್ಲಿ ಪರಿಹಾರ ಸಿಕ್ಕರೆ ಅದು ಯಾರಿಂದ ಸಿಕ್ಕಿತೆಂದು ಕಾರ್ಮಿಕ ತಿಳಿಯುತ್ತಾನೆ ಎಂಬುದರ ಮೇಲೆ ಆ 51ರ ಲೆಕ್ಕವೂ ನಿಲ್ಲುತ್ತದೆ.

ಹಿಂಜವಡಿಯ ಐ.ಟಿ. ಕಂಪನಿಗಳಲ್ಲಿರುವ ನಿಮ್ಮ ಮಕ್ಕಳು, ನಮ್ಮಲ್ಲೂ ತಿಂಗಳಿಗೊಮ್ಮೆ ಟೌನ್ ಹಾಲ್ ಇರುತ್ತದೆ, ಮೊಬೈಲಿನಲ್ಲೇ ಅಭಿಪ್ರಾಯ ಕೇಳುತ್ತಾರೆ ಎನ್ನುತ್ತಾರೆ. ಯೂನಿಯನ್ ಇಲ್ಲದ ಕಡೆ ಸಹಭಾಗಿತ್ವ ಏನು ಮಾಡುತ್ತದೆ ಎಂಬುದು ಬೇರೆಯದೇ ಉಪನ್ಯಾಸ, ಅದನ್ನು ಆ ಕೆಲಸ ಮಾಡಿದವರೇ ಕೊಡಲಿ.

ನಾನು ಹೇಳಬೇಕಾದ ಇನ್ನೊಂದು ಸಂಗತಿ ಕಳೆದ ವರ್ಷದ್ದು. ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯನ್ನು ನೋಡಲು ಪರಿಚಯದವರೊಬ್ಬರು ಕರೆದೊಯ್ದರು. ಗೋಡೆಯ ಮೇಲೆ ದೊಡ್ಡ ಕೈಜೆನ್ ಬೋರ್ಡು, ಮೊದಲು ಹೀಗಿತ್ತು, ಈಗ ಹೀಗಿದೆ ಎಂದು ಜೋಡಿ ಫೋಟೋಗಳು, ಕೆಳಗೆ ಸೂಚಿಸಿದವರ ಹೆಸರು. ಲೈನಿನಲ್ಲಿ ಕಾಯಂ ಕಾರ್ಮಿಕರದು ಒಂದು ಬಣ್ಣದ ಟೊಪ್ಪಿಗೆ, ಟ್ರೇನಿಗಳದು ಇನ್ನೊಂದು, ಕಂತ್ರಾಟಿನವರದು ಮತ್ತೊಂದು. ಮೂರನೆಯ ಬಣ್ಣವೇ ಹೆಚ್ಚು. ನಾನು ಕನ್ನಡದಲ್ಲಿ ಫೋನಿನಲ್ಲಿ ಮಾತನಾಡುತ್ತಿದ್ದುದನ್ನು ಕೇಳಿ, ಆ ಮೂರನೆಯ ಬಣ್ಣದ ಟೊಪ್ಪಿಗೆಯ ಒಬ್ಬ ಹುಡುಗ ಚಹಾದ ವೇಳೆಯಲ್ಲಿ ಹತ್ತಿರ ಬಂದ. ಇಂಡಿ ತಾಲೂಕಿನವನು. ಬೋರ್ಡಿನಲ್ಲಿದ್ದ ಒಂದು ಫೋಟೋ ತೋರಿಸಿದ. ಬೋಲ್ಟುಗಳ ಡಬ್ಬಿಯನ್ನು ಎಡಕ್ಕೆ ಓರೆಯಾಗಿ ಇಟ್ಟಿದ್ದರು, ಬಗ್ಗದೆ ಕೈಗೆ ಸಿಗುವ ಹಾಗೆ.

"ಅದು ನಂದು ಐಡಿಯಾ ರೀ ಕಾಕಾ. ಹೆಸರು ಲೈನ್ ಲೀಡರಂದು ಹಾಕ್ಯಾರ. ಕಂತ್ರಾಟಿನವ್ರ ಹೆಸರು ಹಾಕೂದಿಲ್ಲಂತ. ಯೂನಿಯನ್ನಿನವ್ರಿಗೆ ಹೇಳಿದ್ರ, ನೀ ನಮ್ಮ ಮೆಂಬರ್ ಅಲ್ಲ ಅಂದ್ರು. ಇದನ್ನ ಯಾರಿಗೆ ಹೇಳ್ಬೇಕ್ರಿ?"

ಅವನ ಹಾಜರಿ ಪುಸ್ತಕ ಇದ್ದದ್ದು ಕಂತ್ರಾಟುದಾರನ ಕಚೇರಿಯಲ್ಲಿ, ಆ ಕಚೇರಿ ಇದ್ದದ್ದು ಭೋಸರಿಯ ಒಂದು ಅಂಗಡಿಯ ಮಾಳಿಗೆಯ ಮೇಲೆ. ನಾನು 29 ವರ್ಷದ ಅನುಭವವನ್ನೆಲ್ಲ ತಡಕಾಡಿ ಒಂದು ಉತ್ತರ ಹುಡುಕುತ್ತಿರುವಾಗಲೇ ಗಂಟೆ ಬಾರಿಸಿತು. ಹುಡುಗ ಚಹಾದ ಲೋಟವನ್ನು ತೊಟ್ಟಿಗೆ ಹಾಕಿ ಲೈನಿಗೆ ಓಡಿದ.